ಕೆಲಸ ಬಿಟ್ಟ ಮೇಲೆ ಬರುವ ಮಂಗಳವಾರ

(ಬೇಗ ನಿವೃತ್ತಿಯಾಗಬೇಕು ಅಂತಿರುವವರು, ಈಗಾಗಲೇ ಆದವರು, ಅವರ ಮನೆಯವರು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಓದೋದಕ್ಕೆ ಸುಲಭವಾಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೆಲಸ ಬಿಡುವ ಮುಂಚೆ ಆರು ವರ್ಷ ನಾನು ಒಂದು ಲೆಕ್ಕದ ಹಾಳೆ ಇಟ್ಟುಕೊಂಡಿದ್ದೆ. ತಿಂಗಳ ಖರ್ಚು, ಉಳಿತಾಯ, ಬೆಲೆ ಏರಿಕೆ, ವಿಮೆ, ಮಕ್ಕಳ ಓದು, ಎಲ್ಲಕ್ಕೂ ಒಂದೊಂದು ಕಾಲಂ. 23 ವರ್ಷ ಲೆಕ್ಕಪತ್ರ ವಿಭಾಗದಲ್ಲೇ ದುಡಿದವನು, ಅಂಕಿ ತಪ್ಪುವುದಿಲ್ಲ ಅನ್ನೋ ಧೈರ್ಯ ಇತ್ತು. ತಪ್ಪಲೂ ಇಲ್ಲ. 48ನೇ ವಯಸ್ಸಿಗೆ ಕೆಲಸ ಬಿಟ್ಟೆ. ದುಡ್ಡಿನ ವಿಷಯ ಇವತ್ತಿಗೂ ಆ ಹಾಳೆಯ ಪ್ರಕಾರವೇ ನಡೆಯುತ್ತಿದೆ.

ಆದರೆ ಒಂದು ಕಾಲಂ ಅದರಲ್ಲಿ ಇರಲೇ ಇಲ್ಲ. ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಾನು ಎಲ್ಲಿರುತ್ತೇನೆ? ಯಾರ ಜೊತೆ ಇರುತ್ತೇನೆ? ನಾನು ಬರದೇ ಇದ್ದರೆ ಅದು ಯಾರಿಗೆ ಗೊತ್ತಾಗುತ್ತದೆ?

ಭಾನುವಾರ ಹೇಗೋ ಕಳೆಯುತ್ತದೆ. ಮನೆಯವರೆಲ್ಲ ಇರುತ್ತಾರೆ, ಸ್ನೇಹಿತರಿಗೂ ಬಿಡುವು. ಮಂಗಳವಾರ ಹಾಗಲ್ಲ. ನನಗೆ ಚೆನ್ನಾಗಿ ನೆನಪಿರುವುದು ಐದನೇ ತಿಂಗಳಿನ ಒಂದು ಮಂಗಳವಾರ. ಹೆಂಡತಿ ಕೆಲಸಕ್ಕೆ ಹೋದಳು, ಮಕ್ಕಳು ಹೋದರು. ಬಾಗಿಲು ಹಾಕಿಕೊಂಡು ಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತೆ. ಫ್ರಿಜ್ಜಿನ ಸದ್ದು ಅಷ್ಟು ಜೋರಾಗಿ ಕೇಳುತ್ತದೆ ಅಂತ ಅವತ್ತೇ ಗೊತ್ತಾಗಿದ್ದು. ಮೇಜಿನ ಮೇಲೆ ಓದಬೇಕು ಅಂತ ಆಸೆಯಿಂದ ತಂದಿಟ್ಟ ಪುಸ್ತಕಗಳಿದ್ದವು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಕೈ ಚಾಚಲಿಲ್ಲ. ಸಂಜೆ ಆರಕ್ಕೆ ಹೆಂಡತಿ ವಾಪಸ್ ಬಂದಾಗ ಅದೇ ಕುರ್ಚಿಯಲ್ಲಿದ್ದೆ. "ಏನ್ ಮಾಡಿದ್ರಿ ಇವತ್ತು?" ಅಂತ ಸುಮ್ನೆ, ಪ್ರೀತಿಯಿಂದಲೇ ಕೇಳಿದಳು. ನಾನು ಸಿಡಿದು ಬಿದ್ದೆ. 20 ವರ್ಷದಲ್ಲಿ ಅವಳ ಮೇಲೆ ಅಷ್ಟು ಕೂಗಾಡಿದವನಲ್ಲ.

ಅದು ಖಿನ್ನತೆಯ ಶುರು ಅಂತ ಅವತ್ತು ನನಗೆ ತಿಳಿಯಲಿಲ್ಲ. ತಿಳಿಯೋದಕ್ಕೆ ಇನ್ನೂ ನಾಲ್ಕು ತಿಂಗಳು ಬೇಕಾಯಿತು. ಆ ನಾಲ್ಕು ತಿಂಗಳು ನಿಮ್ಮಲ್ಲಿ ಯಾರಿಗಾದರೂ ಉಳಿಯಲಿ ಅಂತಲೇ ನಾನಿಲ್ಲಿ ನಿಂತಿದ್ದೇನೆ. ಆಮೇಲೆ ಆಪ್ತ ಸಮಾಲೋಚನೆಯ ತರಬೇತಿ ಪಡೆದೆ. ಈಗ ಇಂಥವರ ಎದುರು ಕೂತು ಕೇಳುವುದೇ ನನ್ನ ಕೆಲಸ.

ಒಂದು ವಿಷಯ ಸ್ಪಷ್ಟವಾಗಿರಲಿ. ಬೇಗ ನಿವೃತ್ತಿಯಾಗಬೇಡಿ ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಜನರಿಗೆ ಅದು ಜೀವ ಉಳಿಸಿದೆ. ಫ್ರಾನ್ಸಿನಲ್ಲಿ ವಿದ್ಯುತ್ ಮತ್ತು ಗ್ಯಾಸ್ ಕಂಪನಿಯ ನೌಕರರನ್ನು 1989ರಿಂದ ವರ್ಷ ವರ್ಷವೂ ಮಾತಾಡಿಸುತ್ತಾ ಬಂದ ಒಂದು ದೊಡ್ಡ ಅಧ್ಯಯನವಿದೆ. ಗಾಜೆಲ್ ಅಂತ ಹೆಸರು. ಅದರಲ್ಲಿ 14,000ಕ್ಕೂ ಹೆಚ್ಚು ಜನರ ನಿವೃತ್ತಿಯ ಹಿಂದಿನ ಏಳು ವರ್ಷ, ಮುಂದಿನ ಏಳು ವರ್ಷ ನೋಡಿದರು. ಹೆಚ್ಚಿನವರು 55ರ ಆಸುಪಾಸಿನಲ್ಲಿ ಕೆಲಸ ಬಿಟ್ಟವರು. ಬಿಟ್ಟ ಕೂಡಲೇ ಮೈ ದಣಿವು, ಮನಸ್ಸಿನ ದಣಿವು, ಖಿನ್ನತೆಯ ಲಕ್ಷಣ, ಮೂರೂ ಗಣನೀಯವಾಗಿ ಇಳಿದವು. ಮೊದಲೇ ಕಾಯಿಲೆ ಇದ್ದವರಲ್ಲಂತೂ ಇನ್ನೂ ಜಾಸ್ತಿ ಇಳಿಯಿತು. 2010ರಲ್ಲಿ ಇದು ಪ್ರಕಟವಾಯಿತು.

ಅದೇ 2010ರಲ್ಲಿ ಬಂದ ಇನ್ನೊಂದು ಅಧ್ಯಯನ ಬೇರೆ ಮಾತು ಹೇಳುತ್ತದೆ. ರೋವೆಡರ್ ಮತ್ತು ವಿಲಿಸ್ ಅನ್ನೋ ಇಬ್ಬರು ಅಮೆರಿಕ, ಇಂಗ್ಲೆಂಡ್ ಮತ್ತು ಯುರೋಪಿನ 11 ದೇಶಗಳ 60 ದಾಟಿದವರ ನೆನಪಿನ ಶಕ್ತಿ ಹೋಲಿಸಿ ನೋಡಿದರು. ಎಲ್ಲಿ ಜನ ಬೇಗ ಕೆಲಸ ಬಿಡುತ್ತಾರೋ ಅಲ್ಲಿ ನೆನಪಿನ ಪರೀಕ್ಷೆಯಲ್ಲಿ ಅಂಕ ಕಡಿಮೆ ಬರುತ್ತಿತ್ತು. ಆಸ್ಟ್ರಿಯಾದಲ್ಲಿ ಕಾರ್ಖಾನೆಯಂಥ ಮೈಮುರಿಯುವ ಕೆಲಸದವರನ್ನು ನೋಡಿದವರು, ಬೇಗ ಹೊರಬಂದ ಗಂಡಸರು ಬೇಗ ಸಾಯುವುದೂ ಹೆಚ್ಚು ಅಂತ ಕಂಡರು. ಸಿಗರೇಟು, ಕುಡಿತಕ್ಕೆ ಅದರಲ್ಲಿ ದೊಡ್ಡ ಪಾಲಿತ್ತು. ಹೆಂಗಸರಲ್ಲಿ ಹಾಗೆ ಕಾಣಲಿಲ್ಲ.

ಹಾಗಾದರೆ ಯಾವುದು ಸರಿ? ನನ್ನ ಅನುಭವದಲ್ಲಿ ಎರಡೂ ಸರಿ. ಉತ್ತರ ಬೇರೆಯಾಗುವುದು ಯಾರು, ಎಂಥ ಕೆಲಸ, ಹೇಗೆ ಬಿಟ್ಟರು ಅನ್ನುವುದರಿಂದ. ಬ್ರಿಟನ್ನಿನ ಸರ್ಕಾರಿ ನೌಕರರ ವೈಟ್‌ಹಾಲ್ ಅಧ್ಯಯನದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ನಿವೃತ್ತಿಯಾದ ಮೇಲೆ ಮಾನಸಿಕ ಆರೋಗ್ಯ ಸುಧಾರಿಸಿತು, ನಿಜ. ಆದರೆ ಮೇಲಿನ ದರ್ಜೆಯವರಿಗೆ ಮಾತ್ರ. ಕೆಳಗಿನ ದರ್ಜೆಯವರಿಗೆ ಆ ಲಾಭ ಸಿಗಲಿಲ್ಲ. ತಾನೇ ಬಾಗಿಲು ತೆಗೆದು ಹೊರಗೆ ಬಂದವನಿಗೂ ಕತ್ತು ಹಿಡಿದು ದಬ್ಬಿಸಿಕೊಂಡವನಿಗೂ ವ್ಯತ್ಯಾಸ ಇಲ್ವಾ? ಕೆಲವರನ್ನು ದಬ್ಬಿದ್ದು ಯಜಮಾನ. ಕೆಲವರನ್ನು ದಬ್ಬಿದ್ದು ಸೊಂಟ ನೋವು, ಕೆಲವರನ್ನು ಹಾಸಿಗೆ ಹಿಡಿದ ತಾಯಿ. ಕಾಗದದ ಮೇಲೆ ಎಲ್ಲವೂ "ಸ್ವಂತ ಇಚ್ಛೆ".

ಈಗ ಸ್ವಂತ ಇಚ್ಛೆಯಿಂದಲೇ, ದುಡ್ಡೂ ಇದ್ದು, ಖುಷಿಯಿಂದ ಬಿಟ್ಟವರ ಮಾತಿಗೆ ಬರುತ್ತೇನೆ. ಅವರ ಕಷ್ಟವೇ ಜಾಸ್ತಿ ಮುಚ್ಚಿಹೋಗಿರುತ್ತದೆ. "ಎಲ್ಲಾ ಇದೆಯಲ್ಲ, ನಿಂಗೇನು ಕಮ್ಮಿ? ಸುಖ ಹೆಚ್ಚಾಗಿದೆ" ಅಂತ ಒಂದೇ ಮಾತಲ್ಲಿ ಬಾಯಿ ಮುಚ್ಚಿಸಿಬಿಡುತ್ತಾರೆ. ಬೇರೆಯವರು ಹೇಳುವುದಕ್ಕೆ ಮುಂಚೆ ನಾವೇ ಹೇಳಿಕೊಂಡಿರುತ್ತೇವೆ.

ಬೇಗ ನಿವೃತ್ತಿಯಾಗಬೇಕು ಅನ್ನುವವರ ನಡುವೆ ಒಂದು ಲೆಕ್ಕ ಓಡಾಡುತ್ತದೆ. ವರ್ಷದ ಖರ್ಚಿನ 25 ಪಟ್ಟು ಕೂಡಿಟ್ಟರೆ ಸಾಕು, ಮೊದಲ ವರ್ಷ ಅದರಲ್ಲಿ ಶೇ. 4ರಷ್ಟು ತೆಗೆದು, ಆಮೇಲೆ ಬೆಲೆ ಏರಿದ ಹಾಗೆ ಅದನ್ನೇ ಹೆಚ್ಚಿಸಿಕೊಂಡು ಹೋಗಬಹುದು ಅಂತ. ಇದರ ಮೂಲ ವಿಲಿಯಂ ಬೆಂಗನ್ ಅನ್ನೋ ಅಮೆರಿಕದ ಹಣಕಾಸು ಸಲಹೆಗಾರ 1994ರಲ್ಲಿ ಬರೆದ ಲೇಖನ. ಆತ ಲೆಕ್ಕ ಹಾಕಿದ್ದು ಅಮೆರಿಕದ ಮಾರುಕಟ್ಟೆ ಇಟ್ಟುಕೊಂಡು, 30 ವರ್ಷದ ನಿವೃತ್ತಿಗೆ. 45ಕ್ಕೆ ಬಿಟ್ಟವನ ಮುಂದೆ 40 ವರ್ಷ ಇರಬಹುದು, 45 ಇರಬಹುದು. ಹಾಗಾಗಿ ದುಡ್ಡು ಸಾಲದೇ ಹೋದರೆ ಅನ್ನೋ ಭಯ ಎಷ್ಟು ಕೂಡಿಟ್ಟರೂ ಹೋಗುವುದಿಲ್ಲ. ದಿನಕ್ಕೆ ಹತ್ತು ಸಲ ಷೇರು ಬೆಲೆ ನೋಡುವವರನ್ನು ಕಂಡಿದ್ದೇನೆ. ಹೊಸ ಚಪ್ಪಲಿ ಕೊಳ್ಳುವುದಕ್ಕೂ ಕೈ ನಡುಗುತ್ತದೆ ಅವರಿಗೆ. ದುಡಿಯುವಾಗ ಕೈಬಿಚ್ಚಿ ಖರ್ಚು ಮಾಡಿದವರೇ.

ಅದಿರಲಿ. ದುಡ್ಡಿಗೆ ಕೊನೆಗೂ ಒಂದು ಲೆಕ್ಕ ಇದೆ. ಕೆಲಸ ನಮಗೆ ಸಂಬಳದ ಜೊತೆ ಬಿಟ್ಟಿಯಾಗಿ ಕೊಡುತ್ತಿದ್ದದ್ದಕ್ಕೆ ಯಾರೂ ಲೆಕ್ಕ ಇಟ್ಟಿರುವುದಿಲ್ಲ.

ಅದನ್ನು ಮೊದಲು ಎಣಿಸಿದವರಲ್ಲಿ ಒಬ್ಬರು ಮರೀ ಯಹೋದಾ ಅನ್ನೋ ಮನಶ್ಶಾಸ್ತ್ರಜ್ಞೆ. ವಿಯೆನ್ನಾ ಹತ್ತಿರ ಮರಿಯೆಂಟಾಲ್ ಅಂತ ಒಂದು ಪುಟ್ಟ ಊರು. ಸುಮಾರು 1500 ಜನ. ಊರಿಗೆಲ್ಲ ಒಂದೇ ಆಧಾರ, ಬಟ್ಟೆ ಗಿರಣಿ. ಆರ್ಥಿಕ ಕುಸಿತದಲ್ಲಿ ಗಿರಣಿ ಮುಚ್ಚಿತು. ಯಹೋದಾ, ಪೌಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಝೈಸೆಲ್ ಮತ್ತು ಅವರ ತಂಡ ಅಲ್ಲಿಗೆ ಹೋಗಿ ಜನ ದಿನ ಹೇಗೆ ಕಳೆಯುತ್ತಾರೆ ಅಂತ ನೋಡಿದರು. 1933ರಲ್ಲಿ ಅದು ಪುಸ್ತಕವಾಯಿತು. ಅವರು ಕಂಡದ್ದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಎಲ್ಲರಿಗೂ ಬೇಕಾದಷ್ಟು ಬಿಡುವಿತ್ತು. ಗ್ರಂಥಾಲಯದಲ್ಲಿ ಪುಸ್ತಕ ಒಯ್ಯುವುದಕ್ಕೆ ಇದ್ದ ಶುಲ್ಕವನ್ನೂ ತೆಗೆದುಹಾಕಿದ್ದರು. ಆದರೂ ಜನ ಒಯ್ಯುವ ಪುಸ್ತಕಗಳ ಸಂಖ್ಯೆ ಎರಡು ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ರಸ್ತೆಯಲ್ಲಿ ಗಂಡಸರು ನಿಧಾನ ನಡೆಯುತ್ತಿದ್ದರು, ಅಲ್ಲಲ್ಲಿ ನಿಂತುಬಿಡುತ್ತಿದ್ದರು. ಹೆಚ್ಚಿನವರು ಗಡಿಯಾರ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದರು. ನಿನ್ನೆ ಏನು ಮಾಡಿದಿರಿ, ಗಂಟೆ ಗಂಟೆಯ ಲೆಕ್ಕ ಬರೆದುಕೊಡಿ ಅಂದರೆ ಎದ್ದದ್ದು, ಊಟ ಮಾಡಿದ್ದು, ಮಲಗಿದ್ದು ಬಿಟ್ಟರೆ ನಡುವೆ ಬರೆಯುವುದಕ್ಕೆ ಅವರಿಗೆ ಏನೂ ಹೊಳೆಯುತ್ತಿರಲಿಲ್ಲ. ಹೆಂಗಸರು ಮಾತ್ರ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದರು. ಸಂಬಳ ನಿಂತಿತ್ತು, ಮನೆಗೆಲಸ ನಿಂತಿರಲಿಲ್ಲ.

ಅವರು ನಿರುದ್ಯೋಗಿಗಳು, ಹೊಟ್ಟೆಗೇ ಕಷ್ಟವಿತ್ತು. ನಾವು ಹಾಗಲ್ಲ. ಅವರ ಸಂಕಟಕ್ಕೆ ನಮ್ಮದನ್ನು ಸಮ ಮಾಡುವುದು ತಪ್ಪು. ಆದರೆ ಆ ಗ್ರಂಥಾಲಯದ ವಿಷಯ ಓದಿದಾಗ ನನಗೆ ನನ್ನ ಮೇಜಿನ ಮೇಲಿದ್ದ ಪುಸ್ತಕಗಳು ಕಂಡವು.

ಯಹೋದಾ ಮುಂದೆ ಐದು ವಿಷಯ ಹೇಳಿದರು. ಕೆಲಸ ದಿನಕ್ಕೆ ಒಂದು ಕಟ್ಟು ಕೊಡುತ್ತದೆ. ಮನೆಯವರಲ್ಲದ ಜನರ ಒಡನಾಟ ಕೊಡುತ್ತದೆ. ನಾಲ್ಕು ಜನ ಸೇರಿ ಏನೋ ಒಂದು ಮಾಡುತ್ತಿದ್ದೇವೆ ಅನ್ನೋ ಭಾವ ಕೊಡುತ್ತದೆ. ನಾನು ಇಂಥವನು ಅಂತ ಹೇಳಿಕೊಳ್ಳಲು ಒಂದು ಗುರುತು ಕೊಡುತ್ತದೆ. ಮನಸ್ಸಿದ್ದರೂ ಇಲ್ಲದಿದ್ದರೂ ಮೈ ಕೈ ಆಡಿಸುವ ಹಾಗೆ ಮಾಡುತ್ತದೆ. ಈ ಐದನ್ನೂ ನಾವು ಕೇಳಿ ಪಡೆದದ್ದಲ್ಲ. ಬಯ್ದುಕೊಂಡೇ ಪಡೆದದ್ದು. ಬೆಳಗಿನ ಅಲಾರಂ, ತಲೆತಿನ್ನುವ ಮೀಟಿಂಗು, ಪಕ್ಕದ ಸೀಟಿನವನ ಹರಟೆ, ಎಲ್ಲ ಅದರ ವೇಷಗಳು.

ಗುರುತಿನ ವಿಷಯ ಸ್ವಲ್ಪ ಹೇಳಬೇಕು. ಯಾವುದೋ ಅರ್ಜಿ ತುಂಬುತ್ತಿದ್ದೆ. "ಉದ್ಯೋಗ" ಅಂತ ಒಂದು ಚೌಕ. ಹಿಂದೆ ಕೈ ತಾನಾಗಿ ಬರೆಯುತ್ತಿತ್ತು. ಅವತ್ತು ಪೆನ್ನು ಹಿಡಿದು ನಿಂತೇ ಇದ್ದೆ. ಹಿಂದೆ ಸಾಲಿನಲ್ಲಿದ್ದವರು ಕೆಮ್ಮಿದರು. 'ನಿವೃತ್ತ' ಅಂತ ಬರೆದೆ. ಕೌಂಟರಿನ ಹುಡುಗ ನನ್ನ ಮುಖ ನೋಡಿದ, ಹುಟ್ಟಿದ ದಿನಾಂಕ ನೋಡಿದ, ಮತ್ತೆ ಮುಖ ನೋಡಿದ. ಅಷ್ಟೇ. ಅದು ವಾರಗಟ್ಟಲೆ ಮನಸ್ಸಲ್ಲಿ ಕೂತಿತ್ತು.

ವಯಸ್ಸಾಗಿ ನಿವೃತ್ತಿಯಾಗುವವರಿಗೆ ಈ ಕಷ್ಟ ಸ್ವಲ್ಪ ಕಡಿಮೆ. ಜಗತ್ತು ಅವರಿಗೆ ಒಂದು ಜಾಗ ಇಟ್ಟಿದೆ. 1889ರಲ್ಲಿ ಬಿಸ್ಮಾರ್ಕ್ ಕಾಲದ ಜರ್ಮನಿ ದುಡಿಯುವವರಿಗೆ ಪಿಂಚಣಿ ತಂದಾಗ ವಯಸ್ಸು 70 ಅಂತ ಇಟ್ಟಿತು. 1916ರಲ್ಲಿ ಅದು 65ಕ್ಕೆ ಇಳಿಯಿತು. ಅಲ್ಲಿಂದ ಈಚೆಗೆ ಎಲ್ಲ ಕಡೆ 60, 65 ಅನ್ನೋದು ನಮ್ಮ ತಲೆಯಲ್ಲಿ ಬೇರೂರಿದೆ. ಆ ವಯಸ್ಸಿನಲ್ಲಿ ಜೊತೆಗಾರರೂ ಮನೆಯಲ್ಲಿರುತ್ತಾರೆ. 48ರಲ್ಲಿ ಬಿಟ್ಟವನ ಜೊತೆಗಾರರೆಲ್ಲ ಕೆಲಸದಲ್ಲಿದ್ದಾರೆ. ಫೋನ್ ಮಾಡಿದರೆ "ಸಂಜೆ ಮಾಡ್ಲಾ?" ಅನ್ನುತ್ತಾರೆ. ಸಂಜೆ ಅವರಿಗೆ ಸುಸ್ತು. ಎರಡು ಮೂರು ಸಲ ಹೀಗಾದ ಮೇಲೆ ನಾವೇ ಫೋನ್ ಮಾಡುವುದು ಬಿಡುತ್ತೇವೆ. ಬೇಗ ನಿವೃತ್ತಿಯ ಒಂಟಿತನ ಅಂದರೆ ಇದು. ಜಗಳ ಆಗಿ ಯಾರೂ ದೂರ ಹೋಗಿರುವುದಿಲ್ಲ. ಅವರ ಗಡಿಯಾರವೇ ಬೇರೆ, ನಮ್ಮದೇ ಬೇರೆ.

ಮನೆಯೊಳಗೂ ಒಂದು ತಿಕ್ಕಾಟ ಶುರುವಾಗುತ್ತದೆ. ಜಪಾನಿನಲ್ಲಿ ನಿವೃತ್ತ ಗಂಡಂದಿರಿಗೆ 'ನುರೆ ಒಚಿಬಾ' ಅಂತ ಒಂದು ಮಾತಿದೆ. ಒದ್ದೆಯಾದ ತರಗೆಲೆ ಅಂತ ಅರ್ಥ. ಗುಡಿಸಿದರೂ ಹೋಗದೆ ಅಂಟಿಕೊಂಡೇ ಇರುತ್ತದಲ್ಲ, ಹಾಗೆ. ಅದು ಕಟುವಾದ ಮಾತು. ಆದರೆ ಅದರ ಹಿಂದಿನ ದಣಿವು ನಿಜ. ಮನೆಯಲ್ಲಿದ್ದವರಿಗೆ ಅವರದೇ ಒಂದು ದಿನಚರಿ ಇರುತ್ತದೆ, ನಾವು ಹೋಗಿ ಅದರ ನಡುವೆ ಕುರ್ಚಿ ಹಾಕಿಕೊಂಡು ಕೂರುತ್ತೇವೆ. ಕೆಲಸ ಬಿಡುವ ಮುಂಚೆ ಎಷ್ಟು ದುಡ್ಡು ಅಂತ ಗಂಡ ಹೆಂಡತಿ ಕೂತು ಮಾತಾಡುತ್ತಾರೆ. ಹಗಲು ಹೊತ್ತು ಯಾರು ಎಲ್ಲಿರುತ್ತಾರೆ ಅಂತ ಮಾತಾಡುವುದಿಲ್ಲ. ದಯವಿಟ್ಟು ಮಾತಾಡಿ.

ಇದೆಲ್ಲ ಮೊದಲ ದಿನವೇ ಕಾಣುವುದಿಲ್ಲ. ಅದೇ ದೊಡ್ಡ ಮೋಸ. ರಾಬರ್ಟ್ ಆಚ್ಲಿ ಅನ್ನೋ ಸಮಾಜಶಾಸ್ತ್ರಜ್ಞ 1976ರಲ್ಲಿ ನಿವೃತ್ತಿಯ ಹಂತಗಳ ಬಗ್ಗೆ ಬರೆದರು. ಮೊದಲು ಮಧುಚಂದ್ರದ ಹಾಗೆ ಒಂದು ಕಾಲ. ಆಮೇಲೆ ಒಂದು ನಿರಾಸೆ. ಆಮೇಲೆ ನಿಧಾನವಾಗಿ ಹೊಸ ದಾರಿ ಹುಡುಕುವುದು, ನೆಲೆ ನಿಲ್ಲುವುದು. ಎಲ್ಲರೂ ಇದೇ ಕ್ರಮದಲ್ಲಿ ಹೋಗುವುದಿಲ್ಲ, ಕೆಲವರಿಗೆ ಆ ನಿರಾಸೆ ಬರುವುದೇ ಇಲ್ಲ. ಆದರೆ ಬಂದವರು ನನ್ನ ಎದುರು ಕೂತಾಗ ಹೇಳುವುದು ಒಂದೇ: "ಮೊದಲು ಮೂರು ತಿಂಗಳು ಎಷ್ಟು ಚೆನ್ನಾಗಿತ್ತು ಗೊತ್ತಾ ಸರ್." ಆ ಮೂರು ತಿಂಗಳು ನಿಜವಾಗಿಯೂ ಚೆನ್ನಾಗಿಯೇ ಇರುತ್ತದೆ. ಅದು ರಜೆ. ರಜೆ ಮುಗಿದ ಮೇಲೆ ಹೋಗುವುದಕ್ಕೆ ಜಾಗ ಇಲ್ಲದಾಗ ಶುರುವಾಗುವುದು ಇನ್ನೊಂದು.

ಬೇಜಾರಿಗೂ ಖಿನ್ನತೆಗೂ ಗೆರೆ ಎಲ್ಲಿ? ವೈದ್ಯರು ಮೊದಲು ಕೇಳುವ ಎರಡು ಪ್ರಶ್ನೆಗಳಿವೆ. ಕಳೆದ ಎರಡು ವಾರದಲ್ಲಿ, ಮಾಡುವ ಕೆಲಸಗಳಲ್ಲಿ ಆಸಕ್ತಿ ಅಥವಾ ಖುಷಿ ಕಡಿಮೆಯಾಗಿದೆಯಾ? ಮನಸ್ಸು ಕುಗ್ಗಿದ ಹಾಗೆ, ಯಾವ ಆಸೆಯೂ ಇಲ್ಲದ ಹಾಗೆ ಅನ್ನಿಸಿದೆಯಾ? ಹೆಚ್ಚಿನ ದಿನಗಳಲ್ಲಿ ಹೌದು ಅಂತಾದರೆ ಇನ್ನೂ ವಿವರವಾಗಿ ನೋಡಬೇಕು ಅಂತ ಅರ್ಥ. ಆದರೆ ಈ ವಯಸ್ಸಿನವರಲ್ಲಿ, ಅದರಲ್ಲೂ ಗಂಡಸರಲ್ಲಿ, ಖಿನ್ನತೆ ಅಳುವಾಗಿ ಬರುವುದು ಕಡಿಮೆ. ಸಿಡುಕಾಗಿ ಬರುತ್ತದೆ. ಮೈಕೈ ನೋವಾಗಿ ಬರುತ್ತದೆ. ನಸುಕಿನಲ್ಲಿ ನಾಲ್ಕಕ್ಕೇ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದ ಹಾಗೆ ಬರುತ್ತದೆ. ರಾತ್ರಿ ಎಂಟಕ್ಕೆ ಕುಡಿಯುತ್ತಿದ್ದವರು ಐದಕ್ಕೇ ಶುರು ಮಾಡಿದ್ದಾರೆ ಅಂದರೆ ಗಮನ ಕೊಡಿ. ಥೈರಾಯ್ಡ್ ಕಡಿಮೆಯಾದರೂ ಬಿ12 ಕಡಿಮೆಯಾದರೂ ಮನಸ್ಸು ಹೀಗೇ ಮಂಕಾಗುತ್ತದೆ, ಹಾಗಾಗಿ ರಕ್ತ ಪರೀಕ್ಷೆಯೂ ಬೇಕು. ಸತ್ತರೆ ಒಳ್ಳೆಯದು ಅನ್ನೋ ಯೋಚನೆ ಸುಳಿದರೆ ಎರಡು ವಾರ ಕಾಯಬೇಡಿ. ಅವತ್ತೇ ಒಬ್ಬರಿಗೆ ಹೇಳಿ, ಅವತ್ತೇ ವೈದ್ಯರ ಹತ್ತಿರ ಹೋಗಿ. ಇದಕ್ಕೆ ಚಿಕಿತ್ಸೆ ಇದೆ. ಮಾತ್ರೆ ಕೊಟ್ಟರೆ ಗುಣ ಕಾಣೋದಕ್ಕೆ ಕೆಲವು ವಾರ ಹಿಡಿಯುತ್ತದೆ. ನಾಲ್ಕೇ ದಿನಕ್ಕೆ ಉಪಯೋಗ ಇಲ್ಲ ಅಂತ ಬಿಡಬೇಡಿ. ನಾನೂ ಏಳೆಂಟು ತಿಂಗಳು ಮಾತ್ರೆ ತೆಗೆದುಕೊಂಡೆ, ವೈದ್ಯರು ಹೇಳಿದ ಹಾಗೆ ನಿಧಾನಕ್ಕೆ ಬಿಟ್ಟೆ.

ಮಾತ್ರೆಯ ಜೊತೆಗೆ ನನ್ನ ಸಮಾಲೋಚಕರು ಹಿಡಿಸಿದ್ದು ಒಂದು ಸರಳ ದಾರಿ. ನಾವು ಅಂದುಕೊಳ್ಳುವುದೇನು? ಮನಸ್ಸು ಸರಿಯಾಗಲಿ, ಆಮೇಲೆ ಏನಾದರೂ ಮಾಡೋಣ ಅಂತ. ಅದನ್ನು ತಿರುಗಿಸಿ ಅಂದರು. ಮೊದಲು ಮಾಡಿ, ಮನಸ್ಸು ಹಿಂದಿನಿಂದ ಬರುತ್ತದೆ. 1970ರ ದಶಕದಲ್ಲಿ ಪೀಟರ್ ಲೂವಿನ್‌ಸನ್ ಅನ್ನೋ ಮನಶ್ಶಾಸ್ತ್ರಜ್ಞರ ಕೆಲಸದಿಂದ ಬೆಳೆದ ಚಿಕಿತ್ಸೆ ಇದು. ದಿನವೂ ಒಂದೇ ಹೊತ್ತಿಗೆ ಏಳುವುದು, ಎದ್ದ ಸ್ವಲ್ಪ ಹೊತ್ತಿಗೆ ಹೊರಗಿನ ಬೆಳಕಿಗೆ ಹೋಗುವುದು, ವಾರದಲ್ಲಿ ಎರಡು ಹೊತ್ತನ್ನು ಬೇರೆಯವರ ಹೆಸರಿಗೆ ಬರೆದಿಡುವುದು. ಮೂರನೆಯದೇ ಮುಖ್ಯ.

ನನಗೆ ಸಿಕ್ಕಿದ್ದು ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪಾಠ ಓದಿ ಹೇಳುವ ಕೆಲಸ. ಮಂಗಳವಾರ ಮತ್ತು ಶುಕ್ರವಾರ, ಹನ್ನೊಂದು ಗಂಟೆಗೆ. ಒಬ್ಬ ಹುಡುಗ ವಾಣಿಜ್ಯ ಓದುತ್ತಿದ್ದ, ಅವನಿಗೆ ಆಸ್ತಿ ಹೊಣೆ ಪಟ್ಟಿ ಓದಿ ಹೇಳಬೇಕು. ಸಾಲಾಗಿ ಓದಿದರೆ ಅವನಿಗೆ ಕಾಲಂ ಕಳೆದುಹೋಗುತ್ತಿತ್ತು. ಕಾಲಂ ಹಿಡಿದು ಓದಿದರೆ ಸಾಲು ಕಳೆದುಹೋಗುತ್ತಿತ್ತು. 23 ವರ್ಷ ಅಂಥ ಪಟ್ಟಿ ನೋಡಿದವನು ಅದನ್ನು ಬಾಯಲ್ಲಿ ಹೇಳುವುದು ಹೇಗೆ ಅಂತ ಹೊಸದಾಗಿ ಕಲಿಯಬೇಕಾಯಿತು. ಕೊನೆಗೆ ಅವನೇ ದಾರಿ ಹೇಳಿದ. ಮೇಜಿನ ಮೇಲೆ ತನ್ನ ಎರಡು ಅಂಗೈ ಇಟ್ಟು, "ಎಡಗೈ ಹೊಣೆ, ಬಲಗೈ ಆಸ್ತಿ. ನೀವು ಯಾವ ಕೈ ಅಂತ ಮುಟ್ಟಿ ಓದಿ ಸರ್" ಅಂದ.

ಮೂರನೇ ವಾರ ಒಂದು ಮಂಗಳವಾರ ಹೋಗುವ ಮನಸ್ಸಾಗಲಿಲ್ಲ. ಅದೇ ಕುರ್ಚಿಯಲ್ಲಿ ಕೂತಿದ್ದೆ. ಹನ್ನೊಂದೂ ಹತ್ತಕ್ಕೆ ಫೋನ್ ಬಂತು. "ಸರ್, ಇವತ್ತು ಬರಲ್ವಾ?"

ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಇದನ್ನು ಕೆಲಸ ಬಿಟ್ಟ ಮೇಲೆ ಹುಡುಕುವುದು ಕಷ್ಟ, ಯಾಕಂದರೆ ಆಗ ಹುಡುಕುವ ಹುಮ್ಮಸ್ಸೇ ಇರುವುದಿಲ್ಲ. ಬಿಡುವ ಒಂದೆರಡು ವರ್ಷ ಮುಂಚೆಯೇ ಹುಡುಕಿಟ್ಟುಕೊಳ್ಳಿ. ಕನ್ನಡದಲ್ಲಿ ನಾವು ವೃತ್ತಿ, ಪ್ರವೃತ್ತಿ ಅಂತ ಜೊತೆಯಾಗಿ ಹೇಳುತ್ತೇವಲ್ಲ, ವೃತ್ತಿ ಇರುವಾಗಲೇ ಪ್ರವೃತ್ತಿಗೆ ನೀರೆರೆಯಬೇಕು. ಆಗುವುದಾದರೆ ಒಂದೇ ಸಲ ಬಿಡಬೇಡಿ, ವಾರಕ್ಕೆ ಮೂರು ದಿನಕ್ಕೆ ಇಳಿಸಿ ನೋಡಿ. ಅದೂ ಆಗದಿದ್ದರೆ ಒಂದು ತಿಂಗಳು ರಜೆ ಹಾಕಿ, ಎಲ್ಲೂ ಪ್ರವಾಸ ಹೋಗದೆ, ಮನೆಯಲ್ಲಿ ಇದ್ದು ನೋಡಿ.

(ಪ್ರಶ್ನೆಗಳು)

ಒಬ್ಬರು ಕೇಳಿದರು: "ವಾಪಸ್ ಕೆಲಸಕ್ಕೆ ಸೇರಿದರೆ ಸೋತ ಹಾಗಲ್ವಾ? ಎಲ್ಲರಿಗೂ ಹೇಳಿಕೊಂಡು ಬಿಟ್ಟಿದ್ದೀನಿ."

ಖಂಡಿತ ಇಲ್ಲ. ಹಾಗೆ ಸೇರಿ ನೆಮ್ಮದಿಯಾಗಿರುವವರು ನನಗೆ ಗೊತ್ತು. ನಿಮ್ಮ ಹತ್ತಿರ ದುಡ್ಡಿದೆ, ಹಾಗಾಗಿ ಈ ಸಲ ಸಂಬಳ ನೋಡಿ ಆರಿಸಬೇಕಾಗಿಲ್ಲ. ಜನ ನೋಡಿ ಆರಿಸಿ. ಊರವರು ಒಂದು ವಾರ ಆಡಿಕೊಳ್ಳುತ್ತಾರೆ. ಆಮೇಲೆ ಅವರಿಗೆ ಬೇರೆ ವಿಷಯ ಸಿಗುತ್ತದೆ.

ಹಿಂದಿನ ಸಾಲಿನಿಂದ ಒಬ್ಬ ಅಮ್ಮ ಎದ್ದು ನಿಂತರು. "ನಮ್ಮ ಯಜಮಾನರು 52ಕ್ಕೆ ಬಿಟ್ಟರು. ಒಂದು ವರ್ಷ ಆಯ್ತು. ಏನು ಕೇಳಿದರೂ ಚೆನ್ನಾಗಿದ್ದೀನಿ ಅಂತಾರೆ. ಇವತ್ತು ಇಲ್ಲಿಗೂ ಬರಲಿಲ್ಲ. ನಾನೇನು ಮಾಡಲಿ?"

ಅಮ್ಮಾ, ಹೇಗಿದ್ದೀರಿ ಅಂತ ಕೇಳುವುದನ್ನು ಸ್ವಲ್ಪ ದಿನ ಬಿಡಿ. ಅದಕ್ಕೆ ಒಂದೇ ಉತ್ತರ ಬರುತ್ತದೆ. "ನನ್ನ ಜೊತೆ ಬನ್ನಿ" ಅನ್ನಿ. ಎಲ್ಲಿಗಾದರೂ ಸರಿ, ಹದಿನೈದು ನಿಮಿಷದ ನಡಿಗೆಗಾದರೂ ಸರಿ. ಏನಾದರೂ ಮಾಡಬಾರದಾ, ಸುಮ್ನೆ ಕೂತಿದ್ದೀರಲ್ಲ ಅಂತ ಮಾತ್ರ ಹೇಳಬೇಡಿ. ಅದನ್ನು ಅವರು ದಿನಕ್ಕೆ ನೂರು ಸಲ ತಮಗೆ ತಾವೇ ಹೇಳಿಕೊಳ್ಳುತ್ತಿರುತ್ತಾರೆ. ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ನೀವೂ ಒಳಗೆ ಹೋಗಿ. ಮನಸ್ಸಿಗೆ ಏನಾಗಿದೆ ಅಂದರೆ ಅವರು ಮಾತಾಡಲಿಕ್ಕಿಲ್ಲ. ನಿದ್ದೆ ಹೇಗಿದೆ ಅಂದರೆ ಮಾತಾಡುತ್ತಾರೆ. ನಿದ್ದೆ ಹೇಗೆ ಮಾಡುತ್ತಾರೆ ಅವರು?

ಆ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾಲ್ಕು ಗಂಟೆಗೇ ಎದ್ದು ಹಾಲ್‌ನಲ್ಲಿ ಕೂತಿರ್ತಾರೆ. ದೀಪಾನೂ ಹಾಕಲ್ಲ" ಅಂದರು.

ಇದನ್ನೇ ವೈದ್ಯರಿಗೆ ಹೇಳಿ ಅಮ್ಮಾ. ಇದೇ ಮಾತಲ್ಲಿ ಹೇಳಿ. ಈ ವಾರವೇ ಹೋಗಿ.